ಭೀಮಾ ದಂಡೆಗೆ ಹುಲ್ಲು, ಗಿಡ, ಬುಡಕ್ಕೆ ಕಲ್ಲು: ಕಲಬುರಗಿ, ಯಾದಗಿರಿ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಕಲಬುರಗಿ ಮತ್ತು ಯಾದಗಿರಿ ಜಿಲ್ಲಾಧಿಕಾರಿಗಳಿಗೆ, ನೀರಾವರಿ ನಿಗಮಗಳ ಎಂಜಿನಿಯರ್ ಸಾಹೇಬರಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರಿಗೆ, ಹಾಗೇ ಹೊಳೆದಂಡೆಯ ಊರುಗಳ ನಮ್ಮ ಅಣ್ಣ, ಅಕ್ಕ, ಕಾಕಾ, ಚಿಕ್ಕಮ್ಮಂದಿರಿಗೆ,

ಶರಣು ಶರಣಾರ್ಥಿ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಭೀಮಾ ದಂಡೆ ಕುಸಿಯುತ್ತಿದೆ. ದೊಡ್ಡ ಪ್ರವಾಹ ಬಂದು ಹೋದಾಗಲೆಲ್ಲ ನಾವು ಕೇಳುವುದು ಒಂದೇ, ತಡೆಗೋಡೆ ಕಟ್ಟಿಸಿ ಕೊಡಿ ಅಂತ. ನೀವು ಕೊಡುವ ಭರವಸೆಯೂ ಅದೇ. ಆ ಬೇಡಿಕೆಯನ್ನೇ ಸ್ವಲ್ಪ ಬದಲಿಸೋಣ ಎಂದು ಕೇಳೋಕೆ ಈ ಪತ್ರ. ಊರು, ಗುಡಿ, ಸೇತುವೆ ಇರುವ ಕಡೆ ಕಲ್ಲು ಕಾಂಕ್ರೀಟು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲಗಳ ಪಕ್ಕದಲ್ಲಿ ಉದ್ದಕ್ಕೂ ಇರುವ ದಂಡೆಗೆ ಬುಡದಲ್ಲಷ್ಟೇ ಕಲ್ಲಿಟ್ಟು, ಮೇಲೆ ಹುಲ್ಲು ಗಿಡ ಬೆಳೆಸಿ ಕಾಯುವ ಪದ್ಧತಿ ಒಂದಿದೆ. ಸಮುದ್ರ ತೀರದಲ್ಲಿ ಅದನ್ನು ಹತ್ತಾರು ವರ್ಷಗಳಿಂದ ಮಾಡಿ ನೋಡಿದ್ದಾರೆ, ಕೆಲವು ಕಡೆ ಕಾನೂನನ್ನೇ ಮಾಡಿಕೊಂಡಿದ್ದಾರೆ. ಅದನ್ನು ನಮ್ಮ ಹೊಳೆಗೆ, ನಮ್ಮ ಎರೆ ಮಣ್ಣಿಗೆ ಹೊಂದಿಸಿ ಇಲ್ಲೂ ಮಾಡಿ ನೋಡಿ ಎನ್ನುವುದೇ ನನ್ನ ಕೋರಿಕೆ.

ನಾನು ಅಫಜಲಪುರ ತಾಲ್ಲೂಕಿನವಳು. ನಮ್ಮ ಮನೆತನದ ಹೊಲ ಹೊಳೆಗೆ ಅಂಟಿಕೊಂಡೇ ಇದೆ.

2020ರ ಅಕ್ಟೋಬರ್ ಪ್ರವಾಹ ಯಾರಿಗೂ ಮರೆತಿಲ್ಲ. ಇಲ್ಲಿ ಸುರಿದ ಮಳೆ, ಮಹಾರಾಷ್ಟ್ರದ ಉಜನಿ ಮತ್ತು ವೀರ್ ಜಲಾಶಯಗಳಿಂದ ಬಿಟ್ಟ ನೀರು, ಎರಡೂ ಒಟ್ಟಿಗೆ ಸೊನ್ನ ಬ್ಯಾರೇಜಿಗೆ ಬಂದವು, ಅಲ್ಲಿಂದ ಗಾಣಗಾಪುರ, ಜೇವರ್ಗಿ, ಯಾದಗಿರಿಯವರೆಗೆ ಹೊಳೆ ಹೊಲಕ್ಕೆ ನುಗ್ಗಿತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಹಾಗೇ ಆಯಿತು. ಟಿವಿಯವರು ಬಂದರು, ಮುಳುಗಿದ ಸೇತುವೆ ತೋರಿಸಿದರು, ಕಾಳಜಿ ಕೇಂದ್ರದಲ್ಲಿ ಕೂತಿದ್ದ ಮುದುಕಿಯರನ್ನು ಮಾತಾಡಿಸಿದರು. ಅದೆಲ್ಲ ಬೇಕಾದ್ದೇ. ಆದರೆ ದಂಡೆ ಬೀಳುವುದು ಅವರೆಲ್ಲ ಹೋದ ಮೇಲೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪರಿಹಾರವೂ ಇದರಲ್ಲೇ ಇದೆ. ನೀರು ಏರುವಾಗ ದಂಡೆ ಅಷ್ಟು ಬೀಳಲ್ಲ, ಇಳಿಯುವಾಗ ಬೀಳುತ್ತದೆ. ತುಂಬಿ ಹರಿಯುವಾಗ ದಂಡೆಯ ಮಣ್ಣು ಬುಡದಿಂದ ತಲೆಯವರೆಗೆ ನೆನೆದು ಭಾರ ಆಗಿರುತ್ತದೆ, ಆದರೆ ಹೊರಗಿನಿಂದ ಹೊಳೆಯ ನೀರೇ ಅದಕ್ಕೆ ಒತ್ತಾಸೆ ಕೊಟ್ಟಿರುತ್ತದೆ. ಮೇಲಿನ ಅಣೆಕಟ್ಟಿನ ಗೇಟು ಇಳಿಸಿದರು ಅನ್ನಿ, ಹೊಳೆ ಬೇಗ ಇಳಿಯುತ್ತದೆ, ಮಣ್ಣೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಒತ್ತಾಸೆ ಹೋಯಿತು, ಭಾರ ಉಳಿಯಿತು. ಅದರ ಮೇಲೆ ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಎಷ್ಟೋ ಕಡೆ ಈ ಕರಿ ಮಣ್ಣಿನ ಕೆಳಗೆ ಉಸುಕು ಬೆರೆತ ಸಡಿಲ ಪದರ ಇದೆ, ಹೊಳೆ ಮೊದಲು ಕೊರೆಯುವುದು ಅದನ್ನೇ. ಕೆಳಗೆ ಟೊಳ್ಳಾಗಿ, ಮೇಲಿನ ಕರಿ ಮಣ್ಣು ಮನೆಯ ಛಜ್ಜಾ ಥರ ಮುಂದಕ್ಕೆ ಚಾಚಿ ನಿಂತಿರುತ್ತದೆ. ಆಮೇಲೆ ಅಂಚಿನಿಂದ ಒಂದು ಮಾರು ಒಳಗೆ ದಂಡೆಗುಂಟ ಉದ್ದಕ್ಕೆ ಒಂದು ಸೀಳು ಕಾಣಿಸುತ್ತದೆ. ಆ ಸೀಳು ಕಂಡ ಮೇಲೆ ನಮ್ಮ ಕಡೆ ಯಾರೂ ಆ ಅಂಚಿಗೆ ದನ ಕಟ್ಟುವುದಿಲ್ಲ. ಎರಡು ದಿನಕ್ಕೋ ನಾಲ್ಕು ದಿನಕ್ಕೋ ಧಪ್ ಅಂತ ಶಬ್ದ. ಹೂವಿಗೆ ಬರಬೇಕಿದ್ದ ತೊಗರಿ ಸಾಲು ನಿಂತ ಹಾಗೇ ಹೊಳೆಗೆ ಇಳಿದಿರುತ್ತದೆ, ಮಣ್ಣಿನ ಹೆಂಟೆಯ ಜೊತೆ.

ನಮ್ಮ ಕಾಕಾನ ಹೊಲದ ಒಂದು ಅಂಚು ಈಗ ಹೊಳೆಯಲ್ಲಿದೆ. ಪಹಣಿಯಲ್ಲಿ ಮಾತ್ರ ಹೊಲ ಪೂರ್ತಿ ಇದೆ. ಹಿಂದಿದ್ದಷ್ಟೇ ಎಕರೆ, ಹಿಂದಿದ್ದಷ್ಟೇ ಗುಂಟೆ. ಅದನ್ನು ಸರಿ ಮಾಡಿಸೋಕೆ ಅವರು ಹೋದ ಕಚೇರಿಯಲ್ಲಿ ಬೆಳೆ ಹಾನಿ ಅರ್ಜಿ ಇದೆ, ಮನೆ ಬಿದ್ದರೆ ಅರ್ಜಿ ಇದೆ, ಹೊಲವೇ ಹೋದರೆ ಯಾವ ಅರ್ಜಿ ಅಂತ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಆದರೆ ನಿಯಮದಲ್ಲಿ ಅದು ಇದೆ ಸಾಹೇಬರೇ. ಕೇಂದ್ರ ಸರ್ಕಾರ 2022ರಿಂದ 2026ರವರೆಗಿನ ಅವಧಿಗೆ ಹಾಕಿಕೊಟ್ಟ ವಿಪತ್ತು ಪರಿಹಾರದ ಮಾನದಂಡದ ಪ್ರಕಾರ, ನದಿ ದಾರಿ ಬದಲಿಸಿ ಭೂಮಿ ಕೊಚ್ಚಿಹೋದರೆ ಸಣ್ಣ, ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ. ಹೊಲದಲ್ಲಿ ತುಂಬಿದ ಹೂಳು ತೆಗೆಯೋಕೆ ಹೆಕ್ಟೇರಿಗೆ 18,000. ಹೆಕ್ಟೇರು ಅಂದರೆ ಸುಮಾರು ಎರಡೂವರೆ ಎಕರೆ. ಅಜ್ಜನ ಕಾಲದಿಂದ ತೊಗರಿ, ಜೋಳ ಕೊಟ್ಟ ಎರಡೂವರೆ ಎಕರೆ ಎರೆ ಭೂಮಿ ಶಾಶ್ವತವಾಗಿ ಹೋದರೆ 47,000. ಬೆಳೆ ಹೋದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಹೊಲವೇ ಹೋದರೆ ಏನು ಬಿತ್ತುವುದು, ಎಲ್ಲಿ ಬಿತ್ತುವುದು? ಅದಕ್ಕೇ ಪರಿಹಾರದ ಮೊತ್ತ ಹೆಚ್ಚಿಸಿ ಅಂತ ನಾನಿಲ್ಲಿ ಕೇಳುತ್ತಿಲ್ಲ, ಅದು ಬೇರೆ ಹೋರಾಟ. ಹೊಲ ಹೋಗದ ಹಾಗೆ ಮಾಡಿ ಅಂತ ಕೇಳುತ್ತಿದ್ದೇನೆ.

ದಂಡೆ ಇಷ್ಟು ಬೀಳೋಕೆ ಒಂದೇ ಕಾರಣ ಇಲ್ಲ. ಭೀಮಾಶಂಕರದಲ್ಲಿ ಹುಟ್ಟಿ ಕೃಷ್ಣೆ ಸೇರುವವರೆಗೆ ಈ ಹೊಳೆ 861 ಕಿಲೋಮೀಟರ್ ಹರಿಯುತ್ತದೆ. ಉಜನಿ ಒಂದರಲ್ಲೇ 117 ಟಿಎಂಸಿ ನೀರು ನಿಲ್ಲುತ್ತದೆ. ಹಾಗಾಗಿ ನಮ್ಮ ಕಡೆ ಹೊಳೆ ಏರುವುದು ಇಳಿಯುವುದು ಈಗ ಮಳೆಯ ಲೆಕ್ಕಕ್ಕಿಂತ ಗೇಟಿನ ಲೆಕ್ಕದಲ್ಲಿ ಜಾಸ್ತಿ. ಇದು ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ ಅಂತ ಗೊತ್ತು. ಆದರೆ ಉಸುಕು ನಿಮ್ಮ ಕೈಯಲ್ಲಿದೆ. ಹೊಳೆಯ ತಳದಿಂದ ಉಸುಕು ಎತ್ತಿದಷ್ಟೂ ತಳ ಕೆಳಗಿಳಿಯುತ್ತದೆ, ತಳ ಇಳಿದಷ್ಟೂ ದಂಡೆ ಎತ್ತರ ಆಗುತ್ತದೆ, ಎತ್ತರದ ಕಡಿದಾದ ದಂಡೆ ಬೀಳದೆ ಇನ್ನೇನು ಮಾಡುತ್ತದೆ? ಪರಿಸರ ಸಚಿವಾಲಯದ 2016ರ ಮರಳು ಗಣಿಗಾರಿಕೆ ಮಾರ್ಗಸೂಚಿಯಲ್ಲಿ ಮೂರು ಮೀಟರಿಗಿಂತ ಆಳ ಹೋಗಬಾರದು, ದಂಡೆಯಿಂದ ನದಿಯ ಅಗಲದ ನಾಲ್ಕನೇ ಒಂದು ಭಾಗ ಬಿಡಬೇಕು, ಅದು ಏಳೂವರೆ ಮೀಟರಿಗಿಂತ ಕಡಿಮೆ ಇರಬಾರದು ಎಂದು ಇದೆ. ರಾತ್ರಿ ಬರುವ ಟ್ರ್ಯಾಕ್ಟರು, ಟಿಪ್ಪರುಗಳು ಅಳತೆ ಟೇಪು ಹಿಡಿದು ಬರುವುದಿಲ್ಲ. ಇದು ನಿಮಗೂ ಗೊತ್ತು, ನಮಗೂ ಗೊತ್ತು.

ನಮ್ಮ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹೊಳೆದಂಡೆಯ ರೈತರು ಅಂಚಿನವರೆಗೂ ನೇಗಿಲು ಹೊಡೆಯುತ್ತೇವೆ. ಒಂದು ಸಾಲು ತೊಗರಿ ಜಾಸ್ತಿ ಬರಲಿ ಅಂತ ಅಂಚಿನ ಈಚಲು, ಲಕ್ಕಿ ಗಿಡ ಕಡಿದು ಹಾಕುತ್ತೇವೆ. ಪಂಪ್‌ಸೆಟ್ಟಿನ ಪೈಪು ಇಳಿಸೋಕೆ ಪ್ರತಿ ಹೊಲದವರೂ ದಂಡೆಗೆ ಒಂದೊಂದು ಸೀಳು ಹಾಕುತ್ತೇವೆ, ಮಳೆ ನೀರು ಅದೇ ಸೀಳಿನಲ್ಲಿ ಇಳಿದು ಅದನ್ನು ಹಳ್ಳ ಮಾಡುತ್ತದೆ. ಕೆಲವು ಕಡೆ ಇಟ್ಟಿಗೆ ಭಟ್ಟಿಗೆ ದಂಡೆಯ ಮಣ್ಣೇ ಹೋಗುತ್ತದೆ.

ಈಗ ಗೋಡೆಯ ವಿಷಯ. ಗೋಡೆ ಗಟ್ಟಿ, ಸಂಶಯ ಇಲ್ಲ. ಆದರೆ ನೀರಿನ ಜೋರು ಗೋಡೆಗೆ ಬಡಿದು ಅಲ್ಲೇ ಸಾಯುವುದಿಲ್ಲ, ಕೆಳಕ್ಕೆ ತಿರುಗಿ ಗೋಡೆಯ ಬುಡವನ್ನೇ ಕೊರೆಯುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಪಕ್ಕದವರ ಹೊಲ ಶುರು, ಅಲ್ಲಿ ಕೊರೆತ ಮೊದಲಿಗಿಂತ ಜಾಸ್ತಿ. ಸಮುದ್ರದ ಕಡೆ ಇದನ್ನು ಚೆನ್ನಾಗಿ ಕಂಡಿದ್ದಾರೆ. ನಮ್ಮ ರಾಜ್ಯಕ್ಕೆ ಸುಮಾರು 320 ಕಿಲೋಮೀಟರ್ ಕರಾವಳಿ ಇದೆ. ಕಡಲ್ಕೊರೆತ ಬಂದಾಗಲೆಲ್ಲ ಅಲ್ಲಿ ಬಂಡೆ ತಂದು ಸುರಿಯುತ್ತಾರೆ, ಅಲೆ ಬಂಡೆಯ ಕೆಳಗಿನ ಮರಳು ಎಳೆಯುತ್ತದೆ, ಬಂಡೆ ಕೂರುತ್ತದೆ, ಮತ್ತೆ ಸುರಿಯುತ್ತಾರೆ. ಉಳ್ಳಾಲದಲ್ಲಿ ವರ್ಷಾನುಗಟ್ಟಲೆ ಹೀಗೆ ಮಾಡಿದ ಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೇ ದಿಬ್ಬದ ಥರ ರೀಫ್ ಕಟ್ಟಿ, ಅಲೆ ದಡಕ್ಕೆ ಬರುವ ಮುಂಚೆಯೇ ಅದರ ಜೋರು ತಗ್ಗಿಸುವ ದಾರಿ ಹಿಡಿದರು. ನೀರಿನ ಎದುರು ನಿಲ್ಲುವ ಬದಲು ಅದರ ಜೋರು ಇಳಿಸಬೇಕು ಅನ್ನುವುದು ಅಲ್ಲಿಂದ ನಾವು ತೆಗೆದುಕೊಳ್ಳಬೇಕಾದ ಮಾತು.

ಜೀವಂತ ದಂಡೆ ಅಂತ ಕರೆಯುವುದು ಇದನ್ನೇ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದದ್ದು. ಅಮೆರಿಕದ ಚೆಸಾಪೀಕ್ ಕೊಲ್ಲಿಯ ಸುತ್ತ ತಗ್ಗು ಕಲ್ಲಿನ ಸಾಲು ಇಟ್ಟು ಅದರ ಹಿಂದೆ ಜೌಗು ಹುಲ್ಲು ಬೆಳೆಸುತ್ತಾರೆ, ಕೆಲವು ಕಡೆ ಕಲ್ಲಿನ ಬದಲು ಸಿಂಪಿ ಚಿಪ್ಪಿನ ದಿಬ್ಬ ಇಡುತ್ತಾರೆ. ಹುಲ್ಲಿನ ಕಾಂಡ ಅಲೆಯ ಜೋರು ಕುಡಿಯುತ್ತದೆ, ನೀರು ನಿಧಾನ ಆದಾಗ ಅದರಲ್ಲಿದ್ದ ಮಣ್ಣು ಅಲ್ಲೇ ಕೂರುತ್ತದೆ, ಬೇರು ಆ ಮಣ್ಣನ್ನು ಹಿಡಿದಿಡುತ್ತದೆ. ಗೋಡೆ ಕಟ್ಟಿದ ದಿನದಿಂದ ಸವೆಯೋಕೆ ಶುರು, ಇದು ನೆಟ್ಟ ದಿನದಿಂದ ಬಲಿಯೋಕೆ ಶುರು. ಮೇರಿಲ್ಯಾಂಡ್ ರಾಜ್ಯ 2008ರಲ್ಲೇ ಕಾನೂನು ಮಾಡಿತು, ಇಂಥ ದಂಡೆ ಆಗುವುದಿಲ್ಲ ಎಂದು ತೋರಿಸಿದರೆ ಮಾತ್ರ ಗೋಡೆಗೆ ಅನುಮತಿ. ವರ್ಜೀನಿಯಾ 2020ರಲ್ಲಿ ಅದೇ ದಾರಿಗೆ ಬಂತು. 2011ರಲ್ಲಿ ಐರೀನ್ ಚಂಡಮಾರುತ ನಾರ್ತ್ ಕೆರೊಲಿನಾಕ್ಕೆ ಬಡಿದಾಗ ವಿಜ್ಞಾನಿಗಳು ಮುಂಚೆ, ಆಮೇಲೆ ಎರಡೂ ಅಳತೆ ತೆಗೆದು ನೋಡಿದರು. ಎಷ್ಟೋ ತಡೆಗೋಡೆಗಳು ಹಾಳಾಗಿದ್ದವು. ಹುಲ್ಲಿನ ಜೌಗು ಸ್ವಲ್ಪ ತೆಳ್ಳಗಾಗಿತ್ತು ಅಷ್ಟೇ, ನೆಲದ ಮಟ್ಟ ಇಳಿದಿರಲಿಲ್ಲ, ಹುಲ್ಲು ಮತ್ತೆ ಚಿಗುರಿತು.

ಅದು ಅಮೆರಿಕ, ಇದು ಅಫಜಲಪುರ ಅಂತ ನೀವು ಹೇಳಬಹುದು. ಸರಿ, ನಮ್ಮ ದೇಶದ್ದೇ ನೋಡಿ. 1999ರ ಒಡಿಶಾ ಮಹಾ ಚಂಡಮಾರುತದಲ್ಲಿ ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳನ್ನು ಹೋಲಿಸಿ ನೋಡಿದ ಅಧ್ಯಯನ 2009ರಲ್ಲಿ ಬಂತು. ಕಡಲಿಗೂ ಊರಿಗೂ ನಡುವೆ ಕಾಂಡ್ಲಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿನ ಪಟ್ಟಿ ಅಗಲ ಇದ್ದ ಹಳ್ಳಿಗಳಲ್ಲಿ ಸಾವು ಕಡಿಮೆ ಆಗಿತ್ತು. ನಮ್ಮಲ್ಲೇ ಅಘನಾಶಿನಿ, ಕಾಳಿ, ಕುಂದಾಪುರದ ಅಳಿವೆಗಳಲ್ಲಿ ಕಾಂಡ್ಲಾ ಗಿಡ ನೆಡುತ್ತಾರೆ. ಕೇಂದ್ರವೂ 2023ರ ಬಜೆಟ್ಟಿನಲ್ಲಿ ಕಾಂಡ್ಲಾ ಬೆಳೆಸೋಕೆಂದೇ ಮಿಷ್ಟಿ ಎಂಬ ಯೋಜನೆ ಘೋಷಿಸಿತು.

ಭೀಮೆಯಲ್ಲಿ ಕಾಂಡ್ಲಾ ಬೆಳೆಯುವುದಿಲ್ಲ, ಸಿಂಪಿ ದಿಬ್ಬವೂ ಆಗುವುದಿಲ್ಲ. ಅಲ್ಲಿ ಅಲೆ ಬಂದು ಹೋಗುತ್ತದೆ, ಇಲ್ಲಿ ನೀರು ಒಂದೇ ಕಡೆಗೆ ಎಳೆಯುತ್ತದೆ, ಅದೂ ದಂಡೆಯ ಬುಡವನ್ನು. ಹಾಗಾಗಿ ಅಲ್ಲಿಯದನ್ನು ಸುಮ್ನೆ ಇಲ್ಲಿಗೆ ತಂದು ಅಂಟಿಸಬೇಡಿ. ವಿಯೆಟ್ನಾಮಿನಲ್ಲಿ ನದಿ, ಕಾಲುವೆ ದಂಡೆಗಳಿಗೆ ಲಾವಂಚ ಹುಲ್ಲು ನೆಟ್ಟು ಕಾಯುತ್ತಾರೆ, ನಮಗೆ ಹತ್ತಿರದ ಉದಾಹರಣೆ ಅದು. ಲಾವಂಚ ಗೊತ್ತಲ್ವಾ, ಬೇಸಿಗೆಯಲ್ಲಿ ಕೂಲರಿಗೆ ಹಾಕುವ ಖಸ್. ಮೈಸೂರು ಸೀಮೆಯ ಗುಂಡ್ಲುಪೇಟೆ ಕಡೆ ರೈತರು ತಲೆತಲಾಂತರದಿಂದ ಇದನ್ನು ಹೊಲದ ಬದುವಿಗೆ ಹಾಕುತ್ತಿದ್ದರು, 1980ರ ದಶಕದಲ್ಲಿ ವಿಶ್ವಬ್ಯಾಂಕ್ ಇದೇ ಹುಲ್ಲನ್ನು ಮಣ್ಣು ಉಳಿಸೋಕೆ ಅಂತ ಬೇರೆ ದೇಶಗಳಿಗೂ ಹೇಳಿಕೊಟ್ಟಿತು. ನಮ್ಮದೇ ರಾಜ್ಯದ ವಿದ್ಯೆ ಇದು. ಇದರ ಬೇರು ಪಕ್ಕಕ್ಕೆ ಹರಡುವುದಿಲ್ಲ, ನೇರ ಕೆಳಗೆ ಎರಡು ಮೂರು ಮೀಟರ್ ಇಳಿಯುತ್ತದೆ. ಹೊಲದ ಬೆಳೆಗೆ ಅಡ್ಡಿ ಇಲ್ಲ. ಕೆಲವು ವಾರ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ, ನಮ್ಮ ಏಪ್ರಿಲ್, ಮೇ ಬಿಸಿಲನ್ನೂ ತಡೆಯುತ್ತದೆ. ದಕ್ಷಿಣ ಭಾರತದ ತಳಿಯನ್ನು ಸಸಿ ಸೀಳಿಯೇ ನೆಡಬೇಕು, ಬೀಜದಿಂದ ಕಳೆಯಾಗಿ ಹಬ್ಬುವ ಭಯ ಇಲ್ಲ.

ಕೆಲಸ ಹೇಗೆ ಮಾಡಬಹುದು ಅಂತ ನನಗೆ ತಿಳಿದಷ್ಟು ಬರೆಯುತ್ತೇನೆ, ತಿದ್ದುವುದು ನಿಮ್ಮ ಎಂಜಿನಿಯರುಗಳ ಕೆಲಸ. ಮೊದಲು ದಂಡೆಯ ಇಳಿಜಾರು. ನೆಟ್ಟಗೆ ನಿಂತ ದಂಡೆಗೆ ಯಾವ ಹುಲ್ಲೂ ಹಿಡಿಯುವುದಿಲ್ಲ. ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಗಲದ ಲೆಕ್ಕದಲ್ಲಿ ಇಳಿಜಾರು ಕಡಿಯಬೇಕು. ಐದು ಮೀಟರ್ ಎತ್ತರದ ದಂಡೆಗೆ ಹತ್ತು ಮೀಟರ್ ಜಾಗ ಬೇಕಾಗುತ್ತದೆ, ಅದು ರೈತನ ಹೊಲದಲ್ಲೇ ಹೋಗುತ್ತದೆ, ಆ ಮಾತಿಗೆ ಮುಂದೆ ಬರುತ್ತೇನೆ. ಆಮೇಲೆ ಬುಡ. ಅಲ್ಲಿ ಹುಲ್ಲಿನ ಕೈಲಾಗುವುದಿಲ್ಲ, ಕಲ್ಲೇ ಬೇಕು, ಸಾಮಾನ್ಯ ಹರಿವಿನ ಮಟ್ಟಕ್ಕಿಂತ ಸ್ವಲ್ಪ ಮೇಲಿನವರೆಗೆ. ಕಲ್ಲಿಗೆ ನಾವು ಬಡವರಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಕಲ್ಲು ಗಣಿಗಳ ಪಕ್ಕ ಒಡೆದ ಚೂರುಗಳು ಗುಡ್ಡದಂತೆ ಬಿದ್ದಿವೆ. ಚಪ್ಪಟೆ ಕಲ್ಲು ಜಾರುತ್ತದೆ, ಬಿಡಿಯಾಗಿ ಸುರಿದರೆ ನಿಲ್ಲುವುದಿಲ್ಲ ಅನ್ನುವುದೂ ಗೊತ್ತು, ಅದಕ್ಕೇ ತಂತಿ ಜಾಲರಿಯ ಪೆಟ್ಟಿಗೆಯಲ್ಲಿ ತುಂಬಿ ಇಡಬೇಕು. ಕಲ್ಲಿನ ಹಿಂದಿನಿಂದ ಮಣ್ಣು ಸೋರಿಹೋಗದ ಹಾಗೆ ಜಲ್ಲಿಯ ಪದರವೋ ಜಿಯೋ ಬಟ್ಟೆಯೋ ಹಾಕಬೇಕು. ಇದನ್ನು ಬಿಟ್ಟರೆ ಮಿಕ್ಕ ಕೆಲಸ ಎಲ್ಲ ವ್ಯರ್ಥ.

ಅದರ ಮೇಲೆ ತೆಂಗಿನ ನಾರಿನ ಬಲೆ ಹಾಸಿ ಅದರ ಕಣ್ಣುಗಳಲ್ಲಿ ಲಾವಂಚ ನೆಡಬೇಕು. ನಾರು ಕೆಲವೇ ವರ್ಷಗಳಲ್ಲಿ ಕೊಳೆತು ಮಣ್ಣಾಗುತ್ತದೆ, ಅಷ್ಟರಲ್ಲಿ ಬೇರು ಹಿಡಿದಿರುತ್ತದೆ. ನೆಡುವುದು ಹೀಗೆ: ದೊಡ್ಡ ಬುಡದಿಂದ ಎರಡು ಮೂರು ಕಂದು ಸೀಳಿ ತೆಗೆಯಬೇಕು, ಎಲೆ ಒಂದು ಗೇಣಿಗೆ ಕತ್ತರಿಸಬೇಕು, ಬೇರನ್ನೂ ಮೊಟಕು ಮಾಡಿ, ಇಳಿಜಾರಿಗೆ ಅಡ್ಡಲಾಗಿ ಸಾಲಿನಲ್ಲಿ, ಗಿಡದಿಂದ ಗಿಡಕ್ಕೆ ಹತ್ತು ಹದಿನೈದು ಸೆಂಟಿಮೀಟರ್ ಬಿಟ್ಟು ಇಡಬೇಕು. ನಡುವೆ ಸಂದಿ ಬಿಟ್ಟರೆ ನೀರು ಆ ಸಂದಿಯಲ್ಲೇ ನುಗ್ಗುತ್ತದೆ. ನಮ್ಮ ಹೆಣ್ಣುಮಕ್ಕಳು ಈರುಳ್ಳಿ ಸಸಿ ನೆಡುವ ಕೈಗೆ ಇದು ಹೊಸದೇನಲ್ಲ. ಲಾವಂಚದ ಸಾಲುಗಳ ನಡುವೆ ಲಕ್ಕಿ. ಲಕ್ಕಿಯ ಟೊಂಗೆ ಕಡಿದು ಚುಚ್ಚಿದರೂ ಬೇರು ಬಿಡುತ್ತದೆ, ದನ ಮುಟ್ಟುವುದಿಲ್ಲ, ಹೊಳೆದಂಡೆಯೇ ಅದರ ಮನೆ. ನೆಲಕ್ಕೆ ಕರಿಕೆ ಹುಲ್ಲು. ದೊಡ್ಡ ಮರ ಅಂಚಿಗೆ ಬೇಡ, ಗಾಳಿಗೆ ಅಲ್ಲಾಡಿ ತನ್ನ ಭಾರದಿಂದ ದಂಡೆಯನ್ನೇ ಎಳೆದುಕೊಂಡು ಬೀಳುತ್ತದೆ. ಹೊಳೆಮತ್ತಿ, ಹೊಂಗೆ, ನೇರಳೆ, ಹುಣಸೆ, ಬೇವು ಎಲ್ಲ ಸ್ವಲ್ಪ ಒಳಗೆ, ದಂಡೆಯ ತಲೆಯಿಂದ ಈಚೆಗೆ. ಬಳ್ಳಾರಿ ಜಾಲಿ ಇದ್ದ ಕಡೆ ಅದನ್ನು ಜೆಸಿಬಿ ತಂದು ಒಂದೇ ದಿನ ಕೀಳಬೇಡಿ. ಕೆಟ್ಟ ಗಿಡ, ಒಪ್ಪುತ್ತೇನೆ, ಆದರೆ ಸದ್ಯಕ್ಕೆ ಆ ದಂಡೆಯನ್ನು ಹಿಡಿದಿರುವುದು ಅದೇ.

ಯಾವಾಗ ನೆಡಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸಸಿ ನೆಡುವ ಕಾರ್ಯಕ್ರಮ ಅಂದರೆ ಜೂನ್, ಪರಿಸರ ದಿನ, ಫೋಟೋ ಅನ್ನುವ ರೂಢಿ ಇದೆ. ಹೊಳೆದಂಡೆಗೆ ಅದು ತಪ್ಪು ಕಾಲ. ಭೀಮೆಗೆ ದೊಡ್ಡ ನೀರು ಬರುವುದು ಆಗಸ್ಟಿನಿಂದ ಅಕ್ಟೋಬರಿನವರೆಗೆ. ಜೂನಿನಲ್ಲಿ ನೆಟ್ಟರೆ ಬೇರು ಬಿಡುವ ಮುಂಚೆಯೇ ಪ್ರವಾಹ ಬಂದು ಎಲ್ಲ ಕೊಚ್ಚಿಕೊಂಡು ಹೋಗುತ್ತದೆ, ಆಮೇಲೆ ಎಲ್ಲರೂ ಹುಲ್ಲಿನಿಂದ ಏನೂ ಆಗುವುದಿಲ್ಲ ಅನ್ನುತ್ತಾರೆ. ನೀರು ಇಳಿದ ಮೇಲೆ, ನವೆಂಬರಿನಲ್ಲಿ ನೆಡಿ. ದಂಡೆಯ ಮೇಲೆ ಹೇಗೂ ಪಂಪ್‌ಸೆಟ್ಟುಗಳಿವೆ, ಬೇಸಿಗೆ ದಾಟಿಸೋಕೆ ನೀರು ಕೊಡಬಹುದು. ಮುಂದಿನ ದೊಡ್ಡ ನೀರಿನ ಹೊತ್ತಿಗೆ ಎಂಟೊಂಬತ್ತು ತಿಂಗಳ ಬೇರು ಇರುತ್ತದೆ.

ಇದು ಎಲ್ಲ ಕಡೆ ನಡೆಯುವುದಿಲ್ಲ. ಹೊಳೆ ಜೋರಾಗಿ ತಿರುಗುವ ಹೊರ ತಿರುವಿನಲ್ಲಿ, ಸೊನ್ನ, ಘತ್ತರಗಿ, ಸನ್ನತಿ, ಗುರುಸಣಗಿ ಬ್ಯಾರೇಜುಗಳ ಗೇಟಿನ ಕೆಳಗೆ, ಗಾಣಗಾಪುರದ ಸಂಗಮದ ಹತ್ತಿರ ಕಲ್ಲಿನ ಕೆಲಸವೇ ಬೇಕು. ಸನ್ನತಿ, ಕನಗನಹಳ್ಳಿಯಲ್ಲಿ ಅಶೋಕನ ಶಾಸನ, ಬೌದ್ಧ ಸ್ತೂಪ ಸಿಕ್ಕ ನೆಲವೂ ಇದೇ ಭೀಮೆಯ ದಂಡೆ, ಅಲ್ಲಿ ಅಪಾಯ ತೆಗೆದುಕೊಳ್ಳೋಕೆ ಆಗುವುದಿಲ್ಲ. ಆದರೆ ಎರಡೂ ದಂಡೆ ಲೆಕ್ಕ ಹಾಕಿದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಭೀಮೆಗೆ ನೂರಾರು ಕಿಲೋಮೀಟರ್ ದಂಡೆ ಇದೆ. ಕಾಗಿಣಾ, ಅಮರ್ಜಾ, ಬೆಣ್ಣೆತೊರೆ ಬೇರೆ. ಆ ಕಡೆ ಬೀದರಿಗೆ ಹೋದರೆ ಮಾಂಜ್ರಾ. ಇಷ್ಟಕ್ಕೂ ಗೋಡೆ ಕಟ್ಟುವಷ್ಟು ದುಡ್ಡು ಯಾವ ಸರ್ಕಾರದ ಹತ್ತಿರವೂ ಇರುವುದಿಲ್ಲ. ಗೋಡೆ ಬರುವ ಊರಿಗೆ ಬರುತ್ತದೆ, ಉಳಿದ ಊರುಗಳು ಕಾಯುತ್ತಾ ಕೂರುತ್ತವೆ, ಅಷ್ಟರಲ್ಲಿ ಹೊಲ ಹೋಗಿರುತ್ತದೆ.

ಜಾಗದ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ರೈತ ತನ್ನ ಹೊಲದ ಹತ್ತು ಮೀಟರ್ ಯಾಕೆ ಬಿಡಬೇಕು? ಬಿಡದಿದ್ದರೆ ಹೊಳೆ ತೆಗೆದುಕೊಳ್ಳುತ್ತದೆ ಅನ್ನುವುದು ನಿಜ, ಆದರೆ ಅಷ್ಟು ಹೇಳಿ ಕೈ ತೊಳೆದುಕೊಂಡರೆ ಯಾರೂ ಒಪ್ಪುವುದಿಲ್ಲ, ನಮ್ಮ ಕಾಕಾನೂ ಒಪ್ಪುವುದಿಲ್ಲ. ಆ ಪಟ್ಟಿಯ ಒಡೆತನ ರೈತನ ಹೆಸರಲ್ಲೇ ಇರಲಿ. ಅದಕ್ಕೆ ವರ್ಷಕ್ಕೆ ಇಷ್ಟು ಅಂತ ಬಾಡಿಗೆ ಕೊಡಿ, ಕನಿಷ್ಠ ಐದು ವರ್ಷ. ಅಲ್ಲಿ ಬೆಳೆಯುವ ಲಾವಂಚದ ಎಲೆ, ಮೇವು, ಹುಣಸೆ, ಹೊಂಗೆ ಬೀಜ ಎಲ್ಲ ಅವನದೇ ಆಗಲಿ. ಬೇರು ಮಾತ್ರ ಕೀಳುವ ಹಾಗಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1995ರ ಪ್ರವಾಹದಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು, ಆಮೇಲೆ ಆ ದೇಶ ಏರಿಯನ್ನು ಎತ್ತರಿಸುತ್ತಾ ಹೋಗುವುದಷ್ಟೇ ಸಾಲದು ಅಂತ ನದಿಗೆ ಜಾಗ ಬಿಡುವ ದೊಡ್ಡ ಯೋಜನೆ ಹಾಕಿಕೊಂಡಿತು, ಕೆಲವು ಕಡೆ ಏರಿಯನ್ನೇ ಹಿಂದಕ್ಕೆ ಸರಿಸಿದರು. ಏರಿ ಕಟ್ಟುವುದರಲ್ಲಿ ಅವರನ್ನು ಮೀರಿದವರು ಯಾರಿದ್ದಾರೆ ಹೇಳಿ.

ಕುರಿ, ಮೇಕೆ, ದನಗಳನ್ನೂ ಮರೆಯಬೇಡಿ. ಬೇಲಿ ಹಾಕಿ ಹೊಳೆಯ ದಾರಿ ಮುಚ್ಚಿದರೆ ಕುರುಬರಿಗೆ ನೀರಿನ ದಾರಿ ಇಲ್ಲ, ಮೀನು ಹಿಡಿಯುವವರಿಗೆ ಇಳಿಯುವ ಜಾಗ ಇಲ್ಲ. ಊರಿನವರನ್ನು ಕೂರಿಸಿಕೊಂಡು ಎಲ್ಲೆಲ್ಲಿ ಇಳಿಯುವ ದಾರಿ ಬೇಕು ಅಂತ ಮೊದಲೇ ಗುರುತಿಸಿ, ಅಷ್ಟು ಜಾಗಕ್ಕೆ ಕಲ್ಲು ಹಾಸಿ ಕೊಡಿ, ಪಂಪಿನ ಪೈಪುಗಳೂ ಅದೇ ದಾರಿಯಲ್ಲಿ ಇಳಿಯಲಿ. ಪ್ರತಿ ಹೊಲಕ್ಕೊಂದು ಸೀಳು ನಿಲ್ಲುತ್ತದೆ.

ದುಡ್ಡು ಎಲ್ಲಿಂದ ಅಂದರೆ, 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ರಾಷ್ಟ್ರೀಯ ವಿಪತ್ತು ತಗ್ಗಿಸುವ ನಿಧಿಯಲ್ಲಿ ಕೊರೆತ ತಡೆಯೋಕೆಂದೇ 1,500 ಕೋಟಿ ರೂಪಾಯಿ, ರಾಷ್ಟ್ರೀಯ ವಿಪತ್ತು ಸ್ಪಂದನಾ ನಿಧಿಯಲ್ಲಿ ಕೊರೆತದಿಂದ ಮನೆ ಮಠ ಕಳೆದುಕೊಂಡವರ ಮರುವಸತಿಗೆ ಇನ್ನೂ 1,000 ಕೋಟಿ ಎತ್ತಿಟ್ಟಿತ್ತು. ಕಡಲ ಕೊರೆತಕ್ಕಷ್ಟೇ ಅಲ್ಲ, ನದಿ ಕೊರೆತಕ್ಕೂ. ಕೊರೆತ ಅಂದ ಕೂಡಲೇ ಬೆಂಗಳೂರಿನವರಿಗೆ ಕಡಲು ಕಣ್ಣಿಗೆ ಬರುತ್ತದೆ, ಭೀಮೆ ಬರುವುದಿಲ್ಲ. ದೆಹಲಿಯ ಲೆಕ್ಕದಲ್ಲಿ ನದಿ ಕೊರೆತವೂ ವಿಪತ್ತೇ, ಆದ್ದರಿಂದ ಪ್ರಸ್ತಾವನೆ ಇಲ್ಲಿಂದಲೇ ಹೋಗಬೇಕು. ನರ್ಸರಿಗೆ, ನೆಡುವುದಕ್ಕೆ, ಕಾಯುವುದಕ್ಕೆ ಉದ್ಯೋಗ ಖಾತ್ರಿ ಕೆಲಸ ಇದೆ. ಬುಡದ ಕಲ್ಲಿನ ಕೆಲಸಕ್ಕೆ ಮಂಡಳಿಯ ಅನುದಾನ ಬಳಸಬಹುದು, ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ನಮಗೆ ಸಿಕ್ಕಿದ್ದು ಈ ಭಾಗದ ನೆಲ ಜನ ಉಳಿಯಲಿ ಅಂತಲೇ ಅಲ್ವಾ. ಸಸಿ ಯಾವುದು, ಮಣ್ಣು ಹೇಗೆ ಅಂತ ನೋಡೋಕೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜುಗಳು ಕಲಬುರಗಿಯಲ್ಲೂ ಇವೆ, ಭೀಮರಾಯನಗುಡಿಯಲ್ಲೂ ಇವೆ.

ಬಿಲ್ಲಿನ ವಿಷಯ ಮಾತ್ರ ಗೋಡೆಯಂತೆ ಇರಬಾರದು. ಗೋಡೆಗೆ ಕಟ್ಟಿದ ಕೂಡಲೇ ಬಿಲ್ಲು. ಇಲ್ಲಿ ಒಂದು ಪಾಲು ನೆಟ್ಟಾಗ, ಒಂದು ಪಾಲು ಮೊದಲ ಪ್ರವಾಹದ ಕಾಲ ದಾಟಿದ ಮೇಲೆ ಎಷ್ಟು ಗಿಡ ಉಳಿದಿವೆ ಎಣಿಸಿ, ಕೊನೆಯ ಪಾಲು ಎರಡನೇ ಮಳೆಗಾಲ ದಾಟಿದ ಮೇಲೆ. ಕಾಯುವ ಕೆಲಸವನ್ನು ದೂರದ ಗುತ್ತಿಗೆದಾರನಿಗೆ ಕೊಡಬೇಡಿ, ಆ ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ ಕೊಡಿ. ಸತ್ತ ಗಿಡದ ಜಾಗ ಅವರ ಕಣ್ಣಿಗೆ ದಿನಾ ಬೀಳುತ್ತದೆ.

ಒಮ್ಮೆಗೇ ಇಡೀ ಹೊಳೆಗೆ ಮಾಡಿ ಅಂತ ಹೇಳುತ್ತಿಲ್ಲ. ಅಫಜಲಪುರ, ಜೇವರ್ಗಿ ಅಥವಾ ಯಾದಗಿರಿ ತಾಲ್ಲೂಕಿನಲ್ಲಿ ತೀರಾ ಕಡಿದಾಗಿಲ್ಲದ ಒಂದು ತಿರುವು ಆರಿಸಿ. ಅದರ ಪಕ್ಕದಲ್ಲೇ ಏನೂ ಮಾಡದ ಅಷ್ಟೇ ಉದ್ದದ ದಂಡೆಯನ್ನು ಹೋಲಿಕೆಗೆ ಬಿಡಿ. ಎರಡೂ ಕಡೆ ಅಂಚಿನಿಂದ ಒಳಗೆ ಅಳತೆಗೆ ಕಲ್ಲು ನೆಡಿ, ಮಳೆಗಾಲದ ಮುಂಚೆ ಒಂದು ಸಲ, ನೀರು ಇಳಿದ ಮೇಲೆ ಒಂದು ಸಲ, ಅಂಚು ಎಷ್ಟು ಸರಿದಿದೆ ಅಂತ ಅಳೆದು ಗ್ರಾಮ ಪಂಚಾಯ್ತಿಯ ಗೋಡೆಗೆ ಹಚ್ಚಿ. ಆ ತಿರುವಿನ ಆಸುಪಾಸಿನಲ್ಲಿ ಉಸುಕಿನ ಟ್ರ್ಯಾಕ್ಟರ್ ಕಾಲಿಡದ ಹಾಗೆ ನೋಡಿಕೊಳ್ಳಿ. ಒಂದು ಕಡೆ ನೆಟ್ಟು ಇನ್ನೊಂದು ಕಡೆ ತಳ ತೋಡಿದರೆ ದುಡ್ಡು ಹೊಳೆಗೆ ಹಾಕಿದ ಹಾಗೇ. ಎರಡು ಮೂರು ಮಳೆಗಾಲ ನೋಡೋಣ. ಫಲ ಸಿಗದಿದ್ದರೆ ತಡೆಗೋಡೆಯ ಬೇಡಿಕೆಗೆ ಮೊದಲ ಸಹಿ ಹಾಕುವವಳು ನಾನೇ.

ಹೊಳೆದಂಡೆಯ ನಮ್ಮವರಿಗೂ ಎರಡು ಮಾತು. ಸರ್ಕಾರ ಬರುವವರೆಗೆ ಕಾಯಬೇಕಿಲ್ಲ. ಅಂಚಿನಿಂದ ನಾಲ್ಕು ಸಾಲು ಬಿಟ್ಟು ಗಳೆ ಹೊಡೆಯಿರಿ. ಅಲ್ಲಿರುವ ಲಕ್ಕಿ, ಈಚಲು ಕಡಿಯಬೇಡಿ. ಅಕ್ಕಪಕ್ಕದ ನಾಲ್ಕು ಹೊಲದವರು ಮಾತಾಡಿಕೊಂಡು ಪೈಪುಗಳನ್ನು ಒಂದೇ ಕಡೆ ಇಳಿಸಿ. ಅಂಚಿನ ಮಣ್ಣನ್ನು ಭಟ್ಟಿಗೆ ಮಾರುವವರಿದ್ದರೆ ಅವರ ಮನೆಗೆ ಹೋಗಿ ಹೇಳಿ, ಆ ಮಣ್ಣಿನ ಹಿಂದೆ ನಿಮ್ಮ ಹೊಲವೂ ಇದೆ.

ಜಿಲ್ಲಾಧಿಕಾರಿಗಳೇ, ಈ ನವೆಂಬರಿನಲ್ಲಿ ನೆಡಬೇಕು ಅಂದರೆ ಸಸಿ ಈಗಲೇ ಸೀಳಿ ಚೀಲಕ್ಕೆ ಹಾಕಬೇಕು, ಅದಕ್ಕೆ ನರ್ಸರಿ ಬೇಕು, ನರ್ಸರಿಗೆ ಆದೇಶ ಬೇಕು. ಅರಣ್ಯ ಇಲಾಖೆಗೋ ತೋಟಗಾರಿಕೆಗೋ ಒಂದು ಪತ್ರ ಬರೆದರೆ ಆಗುವ ಕೆಲಸ ಇದು. ತಿರುವು ಆರಿಸೋಕೆ ಎಂಜಿನಿಯರುಗಳನ್ನು ಕಳಿಸುವುದಾದರೆ ದಯವಿಟ್ಟು ಬೇಸಿಗೆಯಲ್ಲಿ ಕಳಿಸಬೇಡಿ, ಪ್ರವಾಹ ತುಂಬಿದಾಗಲೂ ಬೇಡ. ನೀರು ಇಳಿಯುವ ವಾರದಲ್ಲಿ ಕಳಿಸಿ, ಯಾವ ದಂಡೆ ಬೀಳುತ್ತದೆ, ಯಾಕೆ ಬೀಳುತ್ತದೆ ಅನ್ನುವುದು ಆಗ ಅವರ ಕಣ್ಣೆದುರೇ ಕಾಣುತ್ತದೆ. ದಾರಿ ತೋರಿಸೋಕೆ ಊರಿನವರು ಬರುತ್ತೇವೆ.

ಇಂತಿ,
ಅಫಜಲಪುರ ತಾಲ್ಲೂಕಿನ ಹೊಳೆದಂಡೆಯ ರೈತ ಮನೆತನದ ಮಗಳು